ಪಾತ್ರೆ ವಿಭಾಗದ ಇಂಜಿನಿಯರ್

ಕೈರೋ ಮೆಟ್ರೋದ ಕೊನೆಯ ನಿಲ್ದಾಣದ ಎದುರಿಗಿದ್ದ ಆ ಔಷಧಿ ಅಂಗಡಿಗೆ ಹಿಲ್ಮಿ ಬರುತ್ತಿದ್ದದ್ದು ಭಾನುವಾರ ಸಂಜೆ ಮಾತ್ರ. ಬಂದವನು ಕತ್ತಿನವರೆಗೆ ಕೆಂಪಾಗಿ, ಹಣೆ ಹಿಡಿದುಕೊಂಡು ನಿಲ್ಲುತ್ತಿದ್ದ.

"ಬಂದ್ರಾ ಇಂಜಿನಿಯರ್ ಸಾಹೇಬ್ರು?" ಅವನು ಕೇಳುವ ಮೊದಲೇ, ಊರೆಲ್ಲ 'ಡಾಕ್ಟ್ರೇ' ಎಂದು ಕರೆಯುತ್ತಿದ್ದ ಫಾರ್ಮಸಿಸ್ಟ್ ಇನ್ಸಾಫ್ ಮಾತ್ರೆ ತೆಗೆದಿಟ್ಟಿರುತ್ತಿದ್ದಳು. "ಶುಕ್ರವಾರ, ಶನಿವಾರ ರಜಾ. ಭಾನುವಾರ ತಲೆನೋವು. ಕೆಲಸ ಅಂದ್ರೆ ಅಷ್ಟೊಂದು ಅಲರ್ಜಿನಾ?"

"ನಿಮ್ಮನ್ನ ನೋಡೋಕೆ ಒಂದು ನೆಪ ಬೇಡ್ವಾ, ಡಾಕ್ಟ್ರೇ?"

"ನೆಪ ಇಷ್ಟೊಂದು ಕೆಂಪಗಿರಲ್ಲ." ಹಾಗೆಂದು ಅವಳು ತಲೆವಸ್ತ್ರದ ಅಂಚು ಸರಿಮಾಡಿಕೊಳ್ಳುವ ನೆಪದಲ್ಲಿ ಮುಖ ತಿರುಗಿಸುತ್ತಿದ್ದಳು. ತುಟಿಯಂಚಿನ ನಗು ಮಾತ್ರ ಗಾಜಿನ ಬೀರುವಿನಲ್ಲಿ ಅವನಿಗೆ ಚೆನ್ನಾಗಿಯೇ ಕಾಣುತ್ತಿತ್ತು.

ಸರ್ಕಾರಿ ಮದ್ದುಗುಂಡಿನ ಕಾರ್ಖಾನೆಯಲ್ಲಿ ಅವನು ಕೆಮಿಕಲ್ ಇಂಜಿನಿಯರ್. ಅದೇ ಕಾಂಪೌಂಡಿನೊಳಗೆ ಅಲ್ಯೂಮಿನಿಯಂ ಪಾತ್ರೆಗಳೂ ತಯಾರಾಗುತ್ತಿದ್ದವು. ಸ್ಫೋಟಕದ ಕಡೆಯವರು ಹೊರಗೆ ಬಾಯಿ ಬಿಡುವಂತಿರಲಿಲ್ಲ. ಯಾರು ಕೇಳಿದರೂ "ಪಾತ್ರೆ ವಿಭಾಗ" ಎಂದುಬಿಡುತ್ತಿದ್ದರು. ಹಿಲ್ಮಿಯೂ ಹಾಗೇ ಅಂದಿದ್ದ. ಆಗ ಅದು ಅಂಥ ದೊಡ್ಡ ಸುಳ್ಳೂ ಆಗಿರಲಿಲ್ಲ.

ಅದು ಚುಚ್ಚತೊಡಗಿದ್ದು ಅಂಗಡಿಯಲ್ಲೇ ಕೆಲಸಕ್ಕಿದ್ದ ಅವಳ ತಮ್ಮ ರಗಬ್ ಜೊತೆ ಚಹಾ ಕುಡಿದ ದಿನ. ರಗಬನ ಬಲಗೈಯಲ್ಲಿ ಉಳಿದದ್ದು ಎರಡೇ ಬೆರಳು. ಸೈನ್ಯದ ತರಬೇತಿಯಲ್ಲಿದ್ದಾಗ ಅಭ್ಯಾಸದ ಕೈಬಾಂಬು ಕೈಯಲ್ಲೇ ಸಿಡಿದಿತ್ತು.

"ತಪ್ಪು ನಂದೇ, ಭಾವ," ಎಂದು ರಗಬ್ ಛೇಡಿಸಿದ. 'ಭಾವ' ಅಂದದ್ದಕ್ಕೆ ಇನ್ಸಾಫ್ ಅವನ ಮೇಲೆ ಹತ್ತಿಯ ಉಂಡೆ ಎಸೆದಳು. "ಎಸೆಯೋದು ತಡ ಮಾಡ್ಬಿಟ್ಟೆ. ವಿಚಾರಣೇಲೂ ಹಾಗೇ ಬರೆದ್ರು. ಆ ಬಾಂಬಿನ ಪೆಟ್ಟಿಗೆ ನಂಬರ್ ಎಷ್ಟು ಸಲ ಕೇಳಿದ್ರು ಅಂದ್ರೆ, ಇವತ್ತಿಗೂ ಬಾಯಿಪಾಠ." ನಗುತ್ತಲೇ ನಂಬರು ಒಪ್ಪಿಸಿದ.

ಹಿಲ್ಮಿಗೂ ಆ ನಂಬರು ಬಾಯಿಪಾಠವಾಗಿತ್ತು. ಆರು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ಹೊಸತು. ಆ ಪೆಟ್ಟಿಗೆಯ ಬಾಂಬುಗಳ ಬತ್ತಿ ನಾಲ್ಕು ಸೆಕೆಂಡು ಉರಿಯಬೇಕು. ಪರೀಕ್ಷೆಗಿಟ್ಟ ಹತ್ತರಲ್ಲಿ ಒಂದು ಅರ್ಧ ಸೆಕೆಂಡಿಗೇ ಸಿಡಿದಿತ್ತು. "ಲಾರಿ ಕಾಯ್ತಿದೆ, ಸೈನ್ ಹಾಕಯ್ಯ," ಎಂದಿದ್ದರು ಮೇಲಧಿಕಾರಿ. ಹಾಕಿದ್ದ. ವರ್ಷದ ಕೊನೆಗೆ ಬಡ್ತಿಯೂ ಸಿಕ್ಕಿತ್ತು.

ಅಂದಿನಿಂದ ಅವಳು ನಕ್ಕಾಗಲೆಲ್ಲ ಅವನ ಕಣ್ಣು ರಗಬನ ಕೈಗೆ ಹೋಗುತ್ತಿತ್ತು. ನಾಚಿಕೆಯಿಂದ ಭೂಮಿಗಿಳಿದು ಹೋಗಬೇಕು ಅನ್ನಿಸುತ್ತಿತ್ತು. ಆದರೂ ಭಾನುವಾರ ಬಂದರೆ ಕಾಲು ಅಲ್ಲಿಗೇ ನಡೆಯುತ್ತಿತ್ತು. ಅದಕ್ಕೆ ಇನ್ನಷ್ಟು ನಾಚಿಕೆ.

"ಪಾತ್ರೆ ವಿಭಾಗ ಅಂತೀರಿ, ಒಂದು ಪಾತ್ರೆನಾದ್ರೂ ತಂದ್ಕೊಟ್ರಾ?" ಎಂದು ಒಮ್ಮೆ ಅವಳು ಕೆಣಕಿದಳು. ಮುಂದಿನ ವಾರ ಅವನು ಮುಚ್ಚಳದ ಸಮೇತ ದೊಡ್ಡ ಪಾತ್ರೆಯೊಂದನ್ನು ತಂದು ಮೇಜಿನ ಮೇಲಿಟ್ಟ. ಅವಳು ಅದನ್ನು ತಿರುಗಿಸಿದಳು. ಬುಡದಲ್ಲಿ ಪೇಟೆ ಅಂಗಡಿಯ ಚೀಟಿ ಅಂಟಿಕೊಂಡೇ ಇತ್ತು.

ಇನ್ಸಾಫ್ ಅದನ್ನು ಉಗುರಿನಿಂದ ನಿಧಾನವಾಗಿ ಕೆರೆದಳು. "ಅಪ್ಪ ಎದೆನೋವಿಗೆ ನಾಲಿಗೆ ಕೆಳಗೆ ಇಟ್ಕೊಳ್ಳೋ ಮಾತ್ರೆ ಇದೆಯಲ್ಲ, ಅದು ನೈಟ್ರೊಗ್ಲಿಸರಿನ್, ಸ್ಫೋಟಕಕ್ಕೆ ಹಾಕೋದೂ ಅದನ್ನೇ. ಮೊದಲ ವಾರ ಅಪ್ಪಂಗೂ ಇದೇ ತಲೆನೋವು, ಇದೇ ಕೆಂಪು. ದಿನಾ ಮೈಗೆ ಸೋಕಿದ್ರೆ ಅಭ್ಯಾಸ ಆಗತ್ತೆ, ಎರಡು ದಿನ ಬಿಟ್ರೆ ಮತ್ತೆ ಶುರು. ನಾನು ಓದಿರೋದೇ ಇದನ್ನ. ಪಾತ್ರೆ ಮಾಡೋರಿಗೆ ಈ ತಲೆನೋವು ಬರಲ್ಲ ಅಂತ ಮೂರನೇ ಭಾನುವಾರಾನೇ ಗೊತ್ತಾಯ್ತು. ನೀವೇ ಹೇಳ್ತೀರಿ ಅಂತ ಕಾಯ್ತಿದ್ದೆ."

"ಕೋಪಾನಾ?"

"ಹೊಟ್ಟೆಪಾಡಿಗೆ ಯಾಕೆ ಕೋಪ? ಅಪ್ಪನ ಹತ್ರ ಮಾತಾಡೋವಾಗ ಮಾತ್ರ ನಿಜ ಹೇಳಿ." ಅಷ್ಟು ಹೇಳುವಷ್ಟರಲ್ಲಿ ಅವಳ ಕೆನ್ನೆಯೂ ಕೆಂಪಾಗಿತ್ತು.

ಇಲ್ಲಿಗೆ ನಕ್ಕು ಸುಮ್ಮನಾಗಿದ್ದರೆ ಬರುವ ಶುಕ್ರವಾರವೇ ಹೋಗಿ ಹೆಣ್ಣು ಕೇಳಬಹುದಿತ್ತು. ಹಿಲ್ಮಿಗೆ ಅದು ಚೆನ್ನಾಗಿ ಗೊತ್ತಿತ್ತು.

"ರಗಬ್‌ನ ಸ್ವಲ್ಪ ಕರೀರಿ," ಎಂದ.

ರಗಬ್ ಒಳಗಿನಿಂದ ಬಂದ.

"ನೀನು ತಡ ಮಾಡ್ಲಿಲ್ಲ ರಗಬ್. ಬತ್ತಿ ಕೆಟ್ಟಿತ್ತು. ಅದನ್ನ ಪರೀಕ್ಷೆ ಮಾಡಿದ್ದು ನಾನೇ. ಗೊತ್ತಿದ್ದೂ ಸೈನ್ ಹಾಕ್ದೆ."

ರಗಬ್ ತನ್ನ ಕೈಯನ್ನೇ ನೋಡಿದ. "ನಾನು ತಡ ಮಾಡ್ಲಿಲ್ವಾ?" ಎಂದ. ಮತ್ತೊಮ್ಮೆ ಅದನ್ನೇ ಕೇಳಿದ. ಆಮೇಲೆ ಔಷಧಿ ಪೆಟ್ಟಿಗೆಯ ಮೇಲೆ ಕುಸಿದು ಬಿಕ್ಕಿ ಬಿಕ್ಕಿ ಅತ್ತ. ಆರು ವರ್ಷ ಅವನು ಕೈಲಾಗದವನು ಎಂದು ತನ್ನನ್ನೇ ಬೈದುಕೊಂಡು ಬದುಕಿದ್ದ.

ಇನ್ಸಾಫಳ ಮುಖದಲ್ಲಿ ರಕ್ತವೇ ಇರಲಿಲ್ಲ. ಬಿಳಿ ಹಾಳೆ, ಪೆನ್ನು ತೆಗೆದು ಹಿಲ್ಮಿಯ ಮುಂದೆ ತಳ್ಳಿದಳು.

"ಬರೀರಿ. ನಂಬರು, ತಾರೀಕು, ಎಲ್ಲಾ. ಕೆಳಗೆ ಸೈನ್ ಹಾಕಿ. ಅದಂತೂ ನಿಮಗೆ ಚೆನ್ನಾಗಿ ಬರತ್ತಲ್ಲ?"

ಅವನು ಬರೆದ. ಹೆಸರು ವಕ್ರವಾಗಿ ಬಂತು.

"ಇನ್ನು ಮಾತ್ರೆ ಬೇರೆ ಅಂಗಡೀಲಿ ತಗೊಳ್ಳಿ," ಎಂದಳು ಅವಳು.

ಕಾಗದ ಸೈನ್ಯದ ಕಚೇರಿಗೆ ಹೋಯಿತು. ಹಿಲ್ಮಿಯನ್ನು ಅಮಾನತು ಮಾಡಿದರು, ವಿಚಾರಣೆ ಮತ್ತೆ ತೆರೆಯಿತು. ಅವನ ತಲೆನೋವು ಪೂರ್ತಿ ನಿಂತೇಹೋಯಿತು. ಭಾನುವಾರ ತಲೆ ಹಗುರವಾಗಿರುವುದೇ ಅವನಿಗೊಂದು ಹಿಂಸೆಯಾಯಿತು.

ಏಳನೆಯ ಭಾನುವಾರ ಮಧ್ಯಾಹ್ನ ಬಾಗಿಲು ತಟ್ಟಿದ್ದು ರಗಬ್. ಕೈಯಲ್ಲಿ ಅದೇ ಪಾತ್ರೆ. ಸಂಬಂಧ ಬೇಡವಾದವರು ಬಂದ ಪಾತ್ರೆಯನ್ನು ಖಾಲಿ ಕಳಿಸುತ್ತಾರೆ.

ರಗಬ್ ಮೊಣಕೈಯಿಂದ ಮುಚ್ಚಳ ಸರಿಸಿದ. ದ್ರಾಕ್ಷಿ ಎಲೆಯಲ್ಲಿ ಬೆರಳುದ್ದಕ್ಕೆ ಸುತ್ತಿದ ಅನ್ನ, ಸಾಲು ಸಾಲಾಗಿ. ಬಿಸಿ ಹಬೆ ಮುಖಕ್ಕೆ ಬಡಿಯಿತು.

"ಅಕ್ಕ ಬೆಳಿಗ್ಗೆಯಿಂದ ಕೂತು ಸುತ್ತಿದ್ಲು. ಕೋಪ ಇನ್ನೂ ಇದೆಯಂತೆ, ಹೇಳು ಅಂದ್ಲು. ಪಾತ್ರೆ ವಾಪಸ್ ತರೋವಾಗ ಖಾಲಿ ತರ್ಬಾರ್ದು, ಅದನ್ನೂ ಹೇಳು ಅಂದ್ಲು."

ಹಿಲ್ಮಿ ತಲೆ ಎತ್ತಲಿಲ್ಲ. ಪಾತ್ರೆ ಹಿಡಿದಿದ್ದ ಆ ಎರಡು ಬೆರಳುಗಳನ್ನೇ ನೋಡುತ್ತ ನಿಂತಲ್ಲೇ ನಿಂತಿದ್ದ.

"ಸುಡ್ತಿದೆ, ಬೇಗ ಹಿಡ್ಕೊಳ್ಳಿ ಭಾವ," ಎಂದ ರಗಬ್. "ಈ ಸಲ ತಡ ಮಾಡ್ತಿರೋದು ನೀವು."