ಕುಜ್ನಿಯರ್ ಮನೆಯ ಎಂಬತ್ತು ರೆಕ್ಕೆಗಳು

"ನಾನು ಕಳ್ಳಿಯಂತೆ, ಬ್ರೋನಿಯಾ! ಅರವತ್ತೇಳು ವರ್ಷಕ್ಕೆ ಕೋಳಿ ರೆಕ್ಕೆ ಕದ್ದೆನಂತೆ!"

ಜನವರಿಯ ಆ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಅರ್ಡೆಲ್ಲಾ ಫ್ಯಾರೋ ಬೂಟಿನ ಹಿಮವನ್ನೂ ಒದರದೆ ನಮ್ಮ ಅಡುಗೆಮನೆಗೆ ನುಗ್ಗಿ, ಒಂದು ಕಾಗದವನ್ನು ಮೇಜಿನ ಮೇಲೆ ಬಡಿದರು. ನಾನು ಆಗಷ್ಟೇ ನೆಲ ಒರೆಸಿದ್ದೆ. ಅದನ್ನು ಹೇಳಬೇಕೆಂದು ಬಾಯಿ ತೆರೆದೆ. ಅವರ ಮುಖ ನೋಡಿ ಮುಚ್ಚಿಕೊಂಡೆ.

ಕಾಗದದಲ್ಲಿ ಎರಡೇ ಸಾಲಿತ್ತು. ತಿಂಗಳ ಕೊನೆಗೆ ಮೇಲಿನ ಮನೆ ಖಾಲಿ ಮಾಡತಕ್ಕದ್ದು. ಸಹಿ, ಲೊರೆಟ್ಟಾ ಕುಜ್ನಿಯರ್.

ನನ್ನ ಅಕ್ಕ ಬ್ರೋನಿಯಾ ಅದನ್ನು ಎರಡು ಸಲ ಓದಿದಳು. ಅಕ್ಕ ಮೂವತ್ತೊಂದು ವರ್ಷ ನಮ್ಮ ಬಫಲೋ ಊರಿನ ಹಳೇ ಮಾರ್ಕೆಟ್ಟಿನಲ್ಲಿ ಮಾಂಸದ ಅಂಗಡಿಯ ಕಟ್ಟೆಯ ಹಿಂದೆ ನಿಂತವಳು. ಕತ್ತಿ ಕೆಳಗಿಟ್ಟ ಮೇಲೆ ನಮ್ಮ ಬೀದಿಯವರ ತಕರಾರುಗಳನ್ನು ಕೈಗೆತ್ತಿಕೊಂಡಳು. ಯಾರದ್ದಾದರೂ ಉಂಗುರ ಕಳೆದರೆ, ಯಾರ ಬೇಲಿಯಾದರೂ ಮುರಿದರೆ ನಮ್ಮ ಮನೆಗೇ ಬರುತ್ತಾರೆ. ಅವಳಿಗೆ ಹೆಸರು ಬರುತ್ತದೆ. ಬಸ್ಸು ಓಡಿಸಿ ನಿವೃತ್ತನಾದ ನನಗೆ ಚಳಿಯಲ್ಲಿ ಅವಳ ಹಿಂದೆ ಓಡಾಡುವ ಕೆಲಸ ಬರುತ್ತದೆ.

"ಕೂತ್ಕೊಂಡು ಮೊದಲಿಂದ ಹೇಳಿ, ಅರ್ಡೆಲ್ಲಾ," ಎಂದಳು ಅಕ್ಕ.

ನಾರ್ಬರ್ಟ್ ಕುಜ್ನಿಯರನದು ನಮ್ಮ ಬೀದಿಯ ಬಹುಪಾಲು ಮನೆಗಳಂತೆ ಎರಡಂತಸ್ತಿನ ಮನೆ. ಕೆಳಗೆ ಅವನು ಮತ್ತು ಹೆಂಡತಿ ಲೊರೆಟ್ಟಾ, ಮೇಲೆ ಹನ್ನೊಂದು ವರ್ಷದಿಂದ ಅರ್ಡೆಲ್ಲಾ. ಹಿಂದಿನ ಮೆಟ್ಟಿಲ ಕೋಣೆ ಇಬ್ಬರಿಗೂ ಸೇರಿದ್ದು. ಬಿಸಿಯ ವ್ಯವಸ್ಥೆ ಇಲ್ಲದ ಆ ಕೋಣೆ ಚಳಿಗಾಲದಲ್ಲಿ ಇಬ್ಬರಿಗೂ ಎರಡನೇ ಫ್ರಿಜ್. ಶನಿವಾರ ನಾರ್ಬರ್ಟ್ ಎಂಬತ್ತು ರೆಕ್ಕೆ ಕತ್ತರಿಸಿ, ಉಪ್ಪು ಸವರಿ, ಚರ್ಮ ಒಣಗಲೆಂದು ನಾಲ್ಕು ತಂತಿ ಜಾಲರಿಗಳ ಮೇಲೆ ಹರಡಿ, ಸಂಜೆ ಆರಕ್ಕೆ ಅಲ್ಲಿ ಇಟ್ಟನಂತೆ. ಭಾನುವಾರ ಬೆಳಿಗ್ಗೆ ಜಾಲರಿಗಳು ಖಾಲಿ. ಹೊರಬಾಗಿಲಿಗೆ ಹಾಕಿದ ಬೀಗ ಹಾಗೆಯೇ ಇತ್ತು. ಬೀಗದ ಕೈ ಇರುವುದು ಎರಡೇ ಮನೆಯಲ್ಲಿ.

"ಲೊರೆಟ್ಟಾ ನನ್ನ ಕಸದ ಬುಟ್ಟಿನೂ ಬಿಡಲಿಲ್ಲ," ಎಂದರು ಅರ್ಡೆಲ್ಲಾ. "ಅದರಲ್ಲಿ ಎಲುಬು ಸಿಕ್ಕಿತಂತೆ. ಹೌದು, ಸಿಕ್ಕಿರುತ್ತೆ! ಶುಕ್ರವಾರ ನಾನೂ ಆರು ರೆಕ್ಕೆ ಕರಿದು ತಿಂದಿದ್ದೆ. ಈ ಊರಲ್ಲಿ ರೆಕ್ಕೆ ತಿನ್ನೋಕೆ ಕುಜ್ನಿಯರ್ ಅಪ್ಪಣೆ ಬೇಕಾ? ಈ ನೋಯೋ ಮಂಡಿ ಇಟ್ಕೊಂಡು ಹಿಮದಲ್ಲಿ ಎಲ್ಲಿ ಮನೆ ಹುಡುಕಲಿ? ಮನೆ ಹೋಗ್ಲಿ, ಚರ್ಚಲ್ಲಿ ಯಾರ ಮುಖ ನೋಡಲಿ?"

ಅಕ್ಕ ಎದ್ದು ಕೋಟು ಹಾಕಿಕೊಂಡಳು.

"ಅಕ್ಕ, ಒಂದು ಗಂಟೆಗೆ ಟಿವಿಲಿ ಫುಟ್‌ಬಾಲ್ ಆಟ ಇದೆ," ಎಂದೆ.

"ಕ್ಯಾಸ್, ಒಂದು ಗಂಟೆಗೆ ಮುಂಚೆ ಮುಗಿಸ್ತೀನಿ."

ಹಾಗೆಂದು ಅವಳು ಎಷ್ಟು ಸಲ ಹೇಳಿದ್ದಾಳೋ ಲೆಕ್ಕವಿಲ್ಲ. ಆಟದ ಭಾನುವಾರಗಳಲ್ಲಿ ಇಡೀ ಬೀದಿ ನಾರ್ಬರ್ಟನ ಮನೆಯಲ್ಲಿ ಸೇರಿ ಅವನ ರೆಕ್ಕೆ ತಿನ್ನುವುದು ಇಪ್ಪತ್ತು ವರ್ಷದ ಪದ್ಧತಿ. ಅದಕ್ಕೆಂದು ನಾನು ಬೆಳಗಿನ ತಿಂಡಿಯನ್ನೂ ಬಿಟ್ಟಿದ್ದೆ. ಈಗ ರೆಕ್ಕೆಯೂ ಇಲ್ಲ, ತಿಂಡಿಯೂ ಇಲ್ಲ. ಮೊಣಕಾಲುದ್ದ ಹಿಮದಲ್ಲಿ ಅಕ್ಕನ ಹಿಂದೆ ನಡೆದೆ.

ಲೊರೆಟ್ಟಾ ಬಾಗಿಲಲ್ಲೇ ಕಾಯುತ್ತಿದ್ದಳು. "ಬಂದ್ಯಾ ಬ್ರೋನಿಯಾ? ಬಾ, ಸಾಕ್ಷಿ ಎಲ್ಲಾ ತೆಗೆದಿಟ್ಟಿದೀನಿ. ನಿನ್ನೆ ಇಡೀ ದಿನ ನಾನು ತಂಗಿ ಮನೇಲಿದ್ದೆ. ಮನೆ ಬಿಟ್ಟಿದ್ದೇ ತಪ್ಪಾಯ್ತು. ಬೆಳಿಗ್ಗೆ ಎರಡೂ ಮನೆ ಕಸದ ಡಬ್ಬಿನ ಈ ಕೈಯಾರೆ ಪೇಪರ್ ಮೇಲೆ ಸುರಿದು ನೋಡಿದೀನಿ. ಮೊಟ್ಟೆ ಚಿಪ್ಪೂ ಬಿಟ್ಟಿಲ್ಲ!"

"ನಿಮ್ಮ ಡಬ್ಬಿನೂ ನೋಡಿದ್ಯಾ?"

"ಮೊದಲು ನಮ್ಮದೇ. ಮೇಲಿಂದ ತಂದು ನಮ್ಮದ್ರಲ್ಲಿ ಹಾಕಿದ್ರೆ? ನಮ್ಮದ್ರಲ್ಲಿ ಒಂದೇ ಒಂದು ಎಲುಬಿರಲಿಲ್ಲ."

ಅಡುಗೆಮನೆಯ ಮೇಜಿನ ಮೇಲೆ ಹಳೆಯ ಪೇಪರ್ ಹಾಸಿ, ಅರ್ಡೆಲ್ಲಾ ಬುಟ್ಟಿಯ ಎಲುಬುಗಳನ್ನು ಜೋಡಿಸಿಟ್ಟಿದ್ದಳು. ಆರು ರೆಕ್ಕೆ. ಎಲುಬುಗಳು ಮಡಿಸಿದ ಮೊಣಕೈಯಂತೆ ಒಂದಕ್ಕೊಂದು ಅಂಟಿಕೊಂಡೇ ಇದ್ದವು, ಕೊನೆಯ ಚೂಪು ತುದಿಯವರೆಗೂ. ಅಕ್ಕ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದಳು. ಇನ್ನೊಬ್ಬರು ಚೀಪಿ ಎಸೆದ ಎಲುಬನ್ನು ಒಡವೆಯಂತೆ ನೋಡುವ ಅಕ್ಕನ ಜತೆ ಬಾಳುವುದು ಏನೆಂದು ನನ್ನನ್ನು ಯಾರೂ ಕೇಳುವುದಿಲ್ಲ.

"ನಾರ್ಬರ್ಟ್ ಎಲ್ಲಿ?"

"ಆ ಕೋಣೆಲಿ ಮುಖ ಊದಿಸ್ಕೊಂಡು ಕೂತಿದಾರೆ. ಡಿಸೆಂಬರಲ್ಲಿ ಹತ್ತು ದಿನ ಜ್ವರ, ನೆಗಡಿ ಅಂತ ಮಲಗಿದ್ರಲ್ಲ, ಆಮೇಲೆ ಮನುಷ್ಯ ಮೊದಲಿನ ಹಾಗಿಲ್ಲ. ಈಗ ಇದೊಂದು."

ನನಗೆ ಕ್ರಿಸ್‌ಮಸ್ ನೆನಪಾಯಿತು. ಆ ದಿನ ನಾರ್ಬರ್ಟನ ರೆಕ್ಕೆಯ ಸಾಸ್ ಎಷ್ಟು ಹುಳಿಯಾಗಿತ್ತೆಂದರೆ ನನ್ನ ದವಡೆ ಹಿಡಿದುಕೊಂಡಿತ್ತು. ಜ್ವರದಿಂದ ಎದ್ದವನಲ್ಲವೇ ಎಂದು ಯಾರೂ ಮಾತಾಡಿರಲಿಲ್ಲ. ಅವನು ಎಂದೂ ಅಳತೆಯ ಚಮಚ ಮುಟ್ಟಿದವನಲ್ಲ. ಖಾರದ ಸಾಸು, ಬೆಣ್ಣೆ, ಬೆಳ್ಳುಳ್ಳಿ, ಹುಳಿಗೆ ವಿನಿಗರ್, ಎಲ್ಲವನ್ನೂ ಬಾಣಲೆಯ ಮೇಲೆ ಬಗ್ಗಿ, ಮೂಸಿ, ನೆಕ್ಕಿ ಹದ ಮಾಡುವವನು.

ಅಕ್ಕ ಮೆಟ್ಟಿಲ ಕೋಣೆಗೆ ಹೋಗಿ ನಾಲ್ಕು ಜಾಲರಿಗಳನ್ನೂ ನೋಡಿ ಬಂದಳು. ಆಮೇಲೆ ಒಂದು ಮಾತು ಹೇಳಿದಳು. ಅದನ್ನು ಕೇಳಿ ನನ್ನ ತಲೆ ಚಿಟ್ಟು ಹಿಡಿಯಿತು.

"ಲೊರೆಟ್ಟಾ, ಸೂಪಿಗೆ ಒಂದು ಹಿಡಿ ರೆಕ್ಕೆ ತುದಿ ಇದ್ರೆ ಕೊಡ್ತೀಯಾ?"

"ಅಕ್ಕ! ಸೂಪು ಈಗ ಬೇಕಾ?"

"ತುದಿಗೇನು ಬರ?" ಎಂದಳು ಲೊರೆಟ್ಟಾ. "ಇವರು ಕತ್ತರಿಸಿದಾಗೆಲ್ಲಾ ತುದಿನ ಚೀಲಕ್ಕೆ ಹಾಕಿ, ತಾರೀಖು ಬರೆದು ಇಟ್ಬಿಡ್ತಾರೆ. ಮದುವೆ ಆದಾಗಿಂದ ಒಂದು ತುದಿ ಎಸೆದವರಲ್ಲ." ಫ್ರೀಜರ್ ತೆಗೆದು ಒಂದು ಚೀಲ ಹೊರಗೆಳೆದಳು. ಅದರ ಮೇಲೆ ಡಿಸೆಂಬರ್ ಇಪ್ಪತ್ತೈದು ಎಂದಿತ್ತು. ಇನ್ನಷ್ಟು ತಡಕಾಡಿದಳು. "ನಿನ್ನೇದು ಎಲ್ಲಿಟ್ರೋ. ಇದನ್ನೇ ತಗೋ."

ಅಕ್ಕ ಚೀಲವನ್ನು ನನ್ನ ಕೈಗೆ ಕೊಟ್ಟಳು. ಮಂಜುಗಡ್ಡೆಯಂಥ ಅದನ್ನು ಹಿಡಿದುಕೊಂಡೇ ನಾನು ಮುಂದಿನ ಕೋಣೆಗೆ ಹೋದೆ. ಲೊರೆಟ್ಟಾ ಒಲೆಯ ಮೇಲೆ ಈರುಳ್ಳಿ ಇಟ್ಟು, ಒಗೆದ ಬಟ್ಟೆ ತರಲು ನೆಲಮಾಳಿಗೆಗೆ ಇಳಿದಳು.

ನಾರ್ಬರ್ಟ್ ಅಡುಗೆಮನೆಯ ಬಾಗಿಲಿಗೆ ಬೆನ್ನು ಹಾಕಿ ಕುಳಿತಿದ್ದ. ದೊಡ್ಡ ಆಳು, ನಗುವವನು. ಅಂದು ಅವನಲ್ಲಿ ನಗುವಿರಲಿಲ್ಲ.

"ಪೊಲೀಸರಿಗೆ ಹೇಳಿದ್ಯಾ?" ಎಂದು ಅಕ್ಕ ಕೇಳಿದಳು.

"ರೆಕ್ಕೆಗೆ ಪೊಲೀಸಾ? ಬಿಡು ಬ್ರೋನಿಯಾ. ಹೋಗಿದ್ದು ಹೋಯ್ತು."

"ಅರ್ಡೆಲ್ಲಾ ತಗೊಂಡ್ರು ಅಂತ ನಿನಗೂ ಅನ್ಸುತ್ತಾ?"

ಅವನು ಕಿಟಕಿಯ ಕಡೆ ನೋಡಿದ. "ನಾನು ಯಾರ ಹೆಸರೂ ಹೇಳಿಲ್ಲ."

"ಆದ್ರೆ ಲೊರೆಟ್ಟಾ ಅವರ ಬಾಗಿಲಿಗೆ ಆ ಚೀಟಿ ಅಂಟಿಸಿದಾಗ ಬೇಡ ಅನ್ಲೂ ಇಲ್ಲ."

ಅಷ್ಟರಲ್ಲಿ ನನ್ನ ಮೂಗಿಗೆ ಈರುಳ್ಳಿ ಸೀಯುವ ವಾಸನೆ ಬಡಿಯಿತು. ನಾನು ಕೋಣೆಯ ಆಚೆ ಕೊನೆಯಲ್ಲಿದ್ದೆ. ನಾರ್ಬರ್ಟ್ ಒಲೆಯಿಂದ ನಾಲ್ಕು ಹೆಜ್ಜೆ ದೂರದಲ್ಲಿದ್ದ. ಎದ್ದು ನೋಡಿಯಾನು ಎಂದು ಕಾದೆ. ಅವನು ಅಲುಗಾಡಲಿಲ್ಲ. ನಾನು ಓಡಲು ಹೋದರೆ ಅಕ್ಕ ನನ್ನ ತೋಳು ಹಿಡಿದು ನಿಲ್ಲಿಸಿದಳು! ಕೊನೆಗೆ ನೆಲಮಾಳಿಗೆಯಿಂದ ಲೊರೆಟ್ಟಾಳೇ ಕಿರುಚುತ್ತಾ ಹತ್ತಿ ಬಂದಳು. "ಅಯ್ಯೋ, ಕೆಳಗಿನವರೆಗೂ ನಾತ ಬರ್ತಿದೆ! ಮೂರು ಜನ ಇದ್ದೂ ಏನ್ರೀ ಮಾಡ್ತಿದೀರಾ?"

ಬಾಣಲೆ ಕಪ್ಪಾಗಿತ್ತು. ಬೈಗುಳವೆಲ್ಲಾ ನನ್ನ ಪಾಲಿಗೆ ಬಂತು. ಮನಸ್ಸಿಗೆ ನೋವಾದವನಿಗೆ ಈರುಳ್ಳಿಯ ಕಡೆ ಗಮನ ಎಲ್ಲಿ ಎಂದು ನಾನು ನಾರ್ಬರ್ಟನ ಪರವಾಗಿ ಯೋಚಿಸಿದೆ. ಅಕ್ಕ ಮಾತ್ರ ನನ್ನ ಕಡೆ ತಿರುಗಿ, "ಹೋಗಿ ಅರ್ಡೆಲ್ಲಾನ ಕರ್ಕೊಂಡು ಬಾ," ಎಂದಳು. "ಆ ಚೀಲ ಇಲ್ಲೇ ಬಿಡು, ಪೆದ್ದ. ಕೈ ನೀಲಿಯಾಗಿದೆ."

ಹನ್ನೆರಡೂವರೆಗೆ ಐವರೂ ಆ ಅಡುಗೆಮನೆಯಲ್ಲಿ ಎಲುಬಿನ ಸುತ್ತ ಕುಳಿತೆವು. ಅರ್ಡೆಲ್ಲಾ ಕೋಟು ಬಿಚ್ಚಲಿಲ್ಲ. ಲೊರೆಟ್ಟಾ ಕೈ ಕಟ್ಟಿಕೊಂಡಿದ್ದಳು. ನಾನು ಗಡಿಯಾರ ನೋಡುತ್ತಿದ್ದೆ.

"ಮೊದಲು ಈ ಎಲುಬು," ಎಂದು ಅಕ್ಕ ಒಂದನ್ನು ಎತ್ತಿದಳು. "ಲೊರೆಟ್ಟಾ, ನಿನ್ನ ಗಂಡ ರೆಕ್ಕೇನ ಹೇಗೆ ಮಾಡ್ತಾನೆ?"

"ಎಲ್ಲರ ಹಾಗೇ. ಕೀಲಲ್ಲಿ ಎರಡು ಕಡೆ ಕತ್ತರಿಸಿ, ಕಾಲಿನಂಥದ್ದು ಒಂದು, ಚಪ್ಪಟೆದು ಒಂದು. ತುದಿ ಬೇರೆ."

"ಅರ್ಡೆಲ್ಲಾ, ನೀವು?"

"ನಾನು ಕತ್ತರಿಸೋದೇ ಇಲ್ಲ. ನಮ್ಮಮ್ಮ ಈ ಊರಿಗೆ ಬಂದಾಗಿಂದ ನಮ್ಮ ಮನೇಲಿ ಇಡೀ ರೆಕ್ಕೆ, ಹಿಟ್ಟಲ್ಲಿ ಹೊರಳಿಸಿ ಕರಿಯೋದು. ತುದಿ ಗರಿಗರಿ ಅಂತ ಮೊದಲು ಚೀಪೋದು ಅದನ್ನೇ."

"ನೋಡು ಲೊರೆಟ್ಟಾ. ಈ ಆರೂ ತುದಿ ಸಮೇತ ಇದಾವೆ. ಕತ್ತಿ ತಾಗಿಲ್ಲ. ಕತ್ತರಿಸಿಟ್ಟ ತುಂಡು ಕದ್ದು ತಂದು, ಮತ್ತೆ ತುದಿ ಅಂಟಿಸಿ ಕರಿಯೋಕೆ ಯಾರಿಗೂ ಬರಲ್ಲ. ಇವು ನಿಮ್ಮನೆ ರೆಕ್ಕೆ ಅಲ್ಲ."

ಲೊರೆಟ್ಟಾ ಎಲುಬನ್ನೇ ನೋಡಿದಳು. ಅವಳ ಕಟ್ಟಿದ ಕೈ ಸಡಿಲವಾಯಿತು. "ಹಾಗಾದ್ರೆ ನಮ್ಮವು ಎಲ್ಲಿ ಹೋದ್ವು?"

"ಅದನ್ನ ತಿಳ್ಕೊಳ್ಳೋಕೇ ನಾನು ಸೂಪಿಗೆ ತುದಿ ಕೇಳಿದ್ದು. ಎಂಬತ್ತು ರೆಕ್ಕೆ ಕತ್ತರಿಸಿದ್ರೆ ಎಂಬತ್ತು ತುದಿ ಉಳೀಬೇಕು. ಕಳ್ಳ ಮೆಟ್ಟಿಲ ಕೋಣೆಯಿಂದ ತುಂಡು ಒಯ್ದಿರಬಹುದು. ಈ ಫ್ರೀಜರ್ ಒಳಗಿನ ತುದಿ ಅವನಿಗ್ಯಾಕೆ? ಆದ್ರೂ ಫ್ರೀಜರಲ್ಲಿ ಇರೋದು ಕ್ರಿಸ್‌ಮಸ್ಸಿಂದು ಮಾತ್ರ. ಎಸೆದಿದ್ರೆ ಕಸದಲ್ಲಿ ಇರ್ಬೇಕು. ನಿಮ್ಮ ಡಬ್ಬೀಲಿ ಒಂದೇ ಒಂದು ಎಲುಬಿರಲಿಲ್ಲ ಅಂದವಳು ನೀನೇ."

ಲೊರೆಟ್ಟಾ ಫ್ರೀಜರ್ ಕಡೆ ತಿರುಗಿ ನೋಡಿದಳು.

"ಅಂದ್ರೆ," ಎಂದೆ ನಾನು, "ರೆಕ್ಕೆ ಕತ್ತರಿಸೇ ಇಲ್ಲ?"

"ಕತ್ತರಿಸಿಲ್ಲ. ಕೊಂಡೂ ಇರಲಿಕ್ಕಿಲ್ಲ. ಕಳ್ಳತನವೇ ನಡೆದಿಲ್ಲ, ಕ್ಯಾಸ್. ನಾರ್ಬರ್ಟ್ ರಾತ್ರಿ ಖಾಲಿ ಜಾಲರಿ ಇಟ್ಟ, ಬೆಳಿಗ್ಗೆ ಖಾಲಿ ಜಾಲರಿ ಕಂಡಿತು, ಅಷ್ಟೆ. ಯಾಕೆ ಅನ್ನೋದೇ ನನಗೆ ಹೊಳೀಲಿಲ್ಲ, ಈರುಳ್ಳಿ ಸೀಯೋವರೆಗೂ." ಅಕ್ಕ ಮೆಲ್ಲಗೆ ನಾರ್ಬರ್ಟನ ಕಡೆ ತಿರುಗಿದಳು. "ನೆಲಮಾಳಿಗೇಲಿದ್ದ ಲೊರೆಟ್ಟಾಗೂ ಗೊತ್ತಾಯ್ತು. ಪಕ್ಕದಲ್ಲೇ ಇದ್ದ ನಿನಗೆ ಗೊತ್ತಾಗಲಿಲ್ಲ. ಡಿಸೆಂಬರ್ ಜ್ವರ. ಆಮೇಲೆ ಕ್ರಿಸ್‌ಮಸ್ಸಿನ ಆ ಹುಳಿ ಸಾಸು. ಯಾವಾಗಿಂದ ವಾಸನೆ ಬರ್ತಿಲ್ಲ, ನಾರ್ಬರ್ಟ್?"

ಅವನು ತನ್ನ ಅಂಗೈಗಳನ್ನು ನೋಡಿಕೊಂಡ.

"ಜ್ವರ ಬಿಟ್ಟಾಗಿಂದ," ಎಂದ. "ವಾಸನೆನೂ ಇಲ್ಲ, ರುಚಿನೂ ಇಲ್ಲ. ಕಾಫಿ ಬರೀ ಬಿಸಿನೀರು. ಕ್ರಿಸ್‌ಮಸ್ ದಿನ ನಿಮ್ಮೆಲ್ಲರ ಮುಖ ನೋಡಿದೆ. ಯಾರೂ ಏನೂ ಹೇಳಲಿಲ್ಲ. ಅದು ಇನ್ನೂ ನೋವಾಯ್ತು. ನಿನ್ನೆ ಅಂಗಡಿ ಕಟ್ಟೆವರೆಗೂ ಹೋಗಿ ಬರಿಗೈಲಿ ವಾಪಸ್ ಬಂದೆ. ಇಡೀ ಬೀದಿ ನನ್ನ ಮನೆಗೆ ಬರೋದು ರೆಕ್ಕೆಗೆ. ಅದೂ ಇಲ್ಲ ಅಂದ್ರೆ ನಾನು ಯಾರು? ಒಂದು ಭಾನುವಾರ ತಪ್ಪಿಸ್ಕೊಂಡ್ರೆ ಸಾಕಾಗಿತ್ತು. ಇವಳು ಮೇಲೆ ಹೋಗಿ ಚೀಟಿ ಅಂಟಿಸ್ತಾಳೆ ಅಂತ ನನಗೆ..."

"ಅಂಟಿಸಿದ ಮೇಲೆ?" ಎಂದರು ಅರ್ಡೆಲ್ಲಾ. ಅವರು ಎದ್ದು ನಿಂತಿದ್ದರು. "ಒಂಬತ್ತು ಗಂಟೆಗೆ ಲೊರೆಟ್ಟಾ ಅಂಟಿಸಿದ್ಲು. ಈಗ ಹನ್ನೆರಡೂ ಮುಕ್ಕಾಲು. ಇಷ್ಟು ಹೊತ್ತು ನಾನು ಕಳ್ಳಿಯಾಗಿದ್ದೆ, ನಾರ್ಬರ್ಟ್. ನೀನು ಇಲ್ಲಿ ಕಿಟಕಿ ನೋಡ್ತಾ ಕೂತಿದ್ದೆ. ನಿನ್ನ ಮಾನ ಉಳಿಯೋಕೆ ನನ್ನ ಮಾನ ಹೋದ್ರೂ ಪರವಾಗಿಲ್ವಾ? ಅದೂ ಇರ್ಲಿ, ಮೂಗಿಲ್ಲದೆ ಗ್ಯಾಸ್ ಒಲೆ ಹಚ್ತಿದೀಯಲ್ಲ, ಸೋರಿದ್ರೆ ಮೇಲೆ ಮಲಗಿರೋಳು ನಾನು!"

ನಾರ್ಬರ್ಟ್ ಅತ್ತ. ಅಷ್ಟು ದೊಡ್ಡ ಆಳು ಅಳುವುದನ್ನು ಕಂಡು ನಾನು ಗಡಿಯಾರ ನೋಡುವುದನ್ನೂ ಮರೆತೆ. ಆದರೂ ಅರ್ಡೆಲ್ಲಾ ಹೇಳಿದ್ದೇ ಸರಿ ಎನ್ನಿಸಿತು, ಈಗಲೂ ಹಾಗೇ ಅನ್ನಿಸುತ್ತದೆ. ಲೊರೆಟ್ಟಾ ಕೆಂಪು ಮುಖದಲ್ಲಿ "ತಪ್ಪಾಯ್ತು, ನಾನು ದುಡುಕಿದೆ" ಎಂದು, ಅರ್ಡೆಲ್ಲಾರ ಕೈಯಲ್ಲಿದ್ದ ಚೀಟಿಯನ್ನು ಹರಿದುಹಾಕಲು ಕೈ ಚಾಚಿದಳು.

ಅರ್ಡೆಲ್ಲಾ ಕೊಡಲಿಲ್ಲ. ಚೀಟಿಯನ್ನು ಮಡಿಸಿ ಕೋಟಿನ ಜೇಬಿಗೆ ಹಾಕಿಕೊಂಡರು. "ಮನೆ ನಾನು ಬಿಡಲ್ಲ. ಇದನ್ನೂ ಬಿಡಲ್ಲ," ಎಂದು ಮೆಟ್ಟಿಲು ಹತ್ತಿ ಹೋದರು.

ನಾರ್ಬರ್ಟನನ್ನು ಸಮಾಧಾನಪಡಿಸಿ ನಾವು ಮನೆ ಮುಟ್ಟುವಾಗ ಆಟ ಅರ್ಧ ಮುಗಿದಿತ್ತು. ನಾನು ಒಣ ಬ್ರೆಡ್ ತಿಂದೆ. ನಮ್ಮವರು ಸೋತರು ಕೂಡ.

ಮುಂದಿನ ಆಟದ ಭಾನುವಾರ ನಾರ್ಬರ್ಟ್ ಮತ್ತೆ ರೆಕ್ಕೆ ಮಾಡಿದ. ಬಣ್ಣ ನೋಡಿ, ಎಣ್ಣೆಯ ಸದ್ದು ಕೇಳಿ ಕರಿಯುವುದು ಅವನಿಗೆ ಬಂದೇ ಬರುತ್ತಿತ್ತು. ಸಾಸಿಗೆ ಮಾತ್ರ ನಾಲಗೆ ಬೇಕು. ಅವನು ಬಟ್ಟಲು ಹಿಡಿದು, ಹಿಂದಿನ ಮೆಟ್ಟಿಲಲ್ಲ, ಮುಂಬಾಗಿಲಿಂದಲೇ ಹತ್ತಿ ಹೋಗಿ ಅರ್ಡೆಲ್ಲಾರ ಮನೆ ತಟ್ಟಿದ. ಬೆಣ್ಣೆ ಚೆಲ್ಲದಂತೆ ತಟ್ಟೆ ಹಿಡಿಯಲು ಅಕ್ಕ ನನ್ನನ್ನೂ ಅಟ್ಟಿದ್ದಳು.

ಅವರ ಫ್ರಿಜ್ಜಿನ ಮೇಲೆ, ಕಣ್ಣಿನ ಮಟ್ಟಕ್ಕೆ, ಆ ಚೀಟಿ ಅಂಟಿಕೊಂಡಿತ್ತು. ನಾರ್ಬರ್ಟ್ ಅದರ ಎದುರಿಗೇ ನಿಲ್ಲಬೇಕಾಯಿತು. ಅರ್ಡೆಲ್ಲಾ ಚಮಚ ಅದ್ದಿ ನೆಕ್ಕಿದರು. "ಬೆಣ್ಣೆ ಇನ್ನೂ ಬೇಕು." ಹಾಕಿದ. "ಬೆಳ್ಳುಳ್ಳಿ ಕಾಣಿಸ್ತಿಲ್ಲ." ಹಾಕಿದ. ಮೂರನೇ ಸಲ ನಾನೂ ಬೆರಳದ್ದಿ ನೋಡಿದೆ. ಇಪ್ಪತ್ತು ವರ್ಷದಲ್ಲಿ ಅಂಥ ಸಾಸನ್ನು ನಾನು ತಿಂದಿರಲಿಲ್ಲ.

"ಆ ಚೀಟಿ ಯಾವಾಗ ತೆಗೀತೀರಾ?" ಎಂದು ನಾರ್ಬರ್ಟ್ ತಗ್ಗಿದ ದನಿಯಲ್ಲಿ ಕೇಳಿದ.

"ಸಾಸ್ ಸರಿಯಾದ ದಿನ."

ಅರ್ಡೆಲ್ಲಾ ಮತ್ತೊಂದು ಚಮಚ ನೆಕ್ಕಿದರು, ಕಣ್ಣು ಮುಚ್ಚಿಕೊಂಡು ಚಪ್ಪರಿಸಿದರು, ಚಮಚವನ್ನು ಬೆಳ್ಳಗೆ ಮಾಡಿಟ್ಟರು.

"ಇವತ್ತಲ್ಲ," ಎಂದರು. "ಮುಂದಿನ ಭಾನುವಾರ ಬಾ."