ರೈಲು ನಿಲ್ಲಿಸಿದ ಹೆಬ್ಬೆರಳು

ಉಜ್ಬೇಕಿಸ್ತಾನದಲ್ಲಿ ಕೆಂಚಾರ್ಲಹಳ್ಳಿಯ ಉದಯಕುಮಾರ ಲಿಫ್ಟ್ ಕೇಳಿ ಹೆಬ್ಬೆರಳು ಎತ್ತಿದಾಗ ಲಾರಿಗಳು ಮಾತ್ರವಲ್ಲ, ರೈಲೂ ನಿಂತಿತು. ಸುಮ್ಮನೆ ನಿಲ್ಲಲಿಲ್ಲ, ಅವನನ್ನು ದಾಟಿ ಮುಂದೆ ಹೋಗಿದ್ದು ನಾಚಿಕೊಂಡು ಹಿಂದಕ್ಕೆ ಬಂದು ಹತ್ತಿಸಿಕೊಂಡಿತು.

"ರೈಲಾ?" ಎಂದಳು ಹರಿತಾ.

"ರೈಲೇ ಕಣೇ. ಡ್ರೈವರ್ ತಾನೇ ಇಳಿದು ಬಂದು ನನ್ನ ಬ್ಯಾಗ್ ಎತ್ಕೊಂಡ."

ಜಗಲಿಯಲ್ಲಿ ಹಿಪ್ಪುನೇರಳೆ ಸೊಪ್ಪು ಬಿಡಿಸುತ್ತಿದ್ದ ಅವಳ ಅಜ್ಜಿ ಚಿಕ್ಕವೆಂಕಟಮ್ಮ ತಲೆ ಎತ್ತಲಿಲ್ಲ. "ಅದೇ ರೈಲಲ್ಲಿ ಊರಿಗೇ ಬಂದ್ಬಿಡೋದಲ್ವೇನಪ್ಪಾ, ಚಾರ್ಜು ಉಳೀತಿತ್ತು."

ಹರಿತಾ ರೇಷ್ಮೆಹುಳು ಸಾಕುವ ಹುಳುಮನೆಯ ಒಳಗಿದ್ದಳು, ಅವನು ಹೊರಗೆ. ನಡುವೆ, ಹುಳುಗಳನ್ನು ಕೊಲ್ಲುವ ಊಜಿ ನೊಣ ನುಗ್ಗದಂತೆ ಕಟ್ಟಿದ ನೈಲಾನ್ ಪರದೆ. ಅದರ ಹಿಂದೆ ಅವಳ ಮುಖ ಸಣ್ಣ ಸಣ್ಣ ಚೌಕಗಳಾಗಿ ಕಾಣುತ್ತಿತ್ತು. ಒಂದೊಂದು ಚೌಕದಲ್ಲೂ ಒಂದೊಂದು ನಗು ಬಚ್ಚಿಟ್ಟಿದ್ದಾಳೆ ಎನ್ನಿಸಿತು ಉದಯನಿಗೆ.

ಹೋದ ಯುಗಾದಿಯಲ್ಲಿ, ಮದುವೆಯಾಗೋಣವಾ ಎಂದು ಅವನು ಕೇಳಿದಾಗ ಇದೇ ಪರದೆಯ ಹಿಂದಿನಿಂದ ಅವಳು ಹೇಳಿದ್ದಳು: "ಚಿಂತಾಮಣಿ ಬಸ್‌ಸ್ಟ್ಯಾಂಡ್ ದಾಟಿ ಒಬ್ಬನೇ ಎಲ್ಲೂ ಹೋಗಿಲ್ಲ ನೀನು. ಜೀವನಪೂರ್ತಿ ನನ್ನ ಹತ್ರ ಏನು ಮಾತಾಡ್ತೀಯ? ಎಲ್ಲಾದ್ರೂ ಹೋಗಿ ಬಾ, ಆಮೇಲೆ ಕೇಳು." ಬೆನ್ನಿಗೊಂದು ಬ್ಯಾಗ್ ಏರಿಸಿ ಅವನು ಹೋಗಿಬಂದಿದ್ದ. ಇವತ್ತು ಕೇಳಲು ನಿಂತಿದ್ದ. ಕೇಳುವ ಮೊದಲು ಸ್ವಲ್ಪ ಮಿಂಚೋಣ ಅಂತ ಆಸೆ.

"ಫರ್ಗಾನಾ ಅಂತ ಒಂದು ಕಡೆ, ಅಲ್ಲೂ ರೇಷ್ಮೆ ಸಾಕ್ತಾರೆ. ಒಬ್ರು ಕರೆದ್ರು. ರೋಡಿಂದ ನೇರ ಬೂಟ್ಸಲ್ಲೇ ಹುಳುಮನೆ ಒಳಕ್ಕೆ ನುಗ್ಗಿದೆ ನೋಡು! ಹುಳುಗಳ ಮಧ್ಯೆ ಹಾಸಿಗೆ ಹಾಸಿ ರಾಜನ ತರ ಮಲಗಿಸಿದ್ರು."

ಸೊಪ್ಪು ಹರಡುತ್ತಿದ್ದ ಅವಳ ಕೈ ನಿಂತಿತು. ಚೌಕಗಳೊಳಗಿನ ನಗೆಯೂ ಆರಿತು.

"ಬೂಟ್ಸಲ್ಲಾ?"

"ಹೂಂ."

"ಮದುವೆ ಪತ್ರಿಕೆ ಕೊಡೋಕೆ ಬಂದ ಸ್ವಂತ ದೊಡ್ಡಮಾವನ್ನ, ಹುಳುಗೆ ರೋಗ ತಗಲುತ್ತೆ ಅಂತ ನಿಮ್ಮ ಹುಳುಮನೆ ಬಾಗಿಲಲ್ಲೇ ನಿಲ್ಲಿಸಿ, ಬ್ಲೀಚಿಂಗ್ ನೀರಲ್ಲಿ ಕಾಲು ತೊಳೆಸಿದೋನು ನೀನು. ನೀನು ಬೂಟ್ಸಲ್ಲಿ ಹೋದ್ಯಾ?" ಅವಳ ದನಿ ಸಣ್ಣಗಾಯಿತು. "ನಿಜ ಹೇಳು ಉದಯ. ಆ ದೇಶಕ್ಕೆ ನೀನು ಹೋಗೇ ಇಲ್ಲ, ಅಲ್ವಾ?"

ಅಜ್ಜಿಯ ಕೈಯೂ ನಿಂತಿತು.

"ಹೋಗಿದ್ದೆ!" ಎಂದ ಉದಯ. ಆಮೇಲೆ ಮೆಲ್ಲಗೆ, "ರೈಲು ನಿಲ್ಲಲಿಲ್ಲ. ಲಾರೀನೂ ನಿಲ್ಲಲಿಲ್ಲ. ಎರಡು ದಿನ ಬಿಸಿಲಲ್ಲಿ ನಡೆದೆ. ಕೊನೆಗೆ ಒಬ್ಬ ತಾತ ಕಾರಲ್ಲಿ ಮನೆಗೆ ಕರ್ಕೊಂಡು ಹೋದ. ಮನೆಯ ದೊಡ್ಡ ಕೋಣೆ ಹುಳುಗೆ ಬಿಟ್ಟು, ಅವರೆಲ್ಲ ಹೊರಗೆ ಮಲಗ್ತಾರೆ. ನಾನು ಬಾಗಿಲಲ್ಲೇ ಬೂಟ್ಸ್ ಬಿಚ್ಚಿ, ನೀರು ಹುಡುಕಿ ಕೈಕಾಲು ತೊಳ್ಕೊಂಡೆ. ಅಲ್ಲಿಯ ಅಜ್ಜಿ ಅದನ್ನ ನೋಡ್ತು. ಭಾಷೆ ಬರಲ್ಲ, ಏನಿಲ್ಲ. ನಕ್ಕು ಕೈಗೆ ಕುಡುಗೋಲು ಕೊಡ್ತು."

"ಆಮೇಲೆ?"

"ಆಮೇಲೇನು, ವೀಸಾ ಮುಗಿಯೋವರೆಗೂ ಅವರಿಗೆ ಸೊಪ್ಪು ಕೊಯ್ದೆ. ಎಲ್ಲರೂ ನೋಡೋಕೆ ಹೋಗೋ ಗುಮ್ಮಟ ನೋಡ್ಲಿಲ್ಲ, ಮರುಭೂಮಿ ನೋಡ್ಲಿಲ್ಲ. ವಿಮಾನ ಹತ್ತಿ ಅಷ್ಟು ದೂರ ಹೋಗಿ ಸೊಪ್ಪು ಕೊಯ್ದೆ ಅಂತ ನಿನ್ನ ಮುಂದೆ ಹೆಂಗೆ ಹೇಳ್ಲಿ?"

ಪರದೆಯ ಹಿಂದೆ ತಟ್ಟೆಗಳಲ್ಲಿ ಹುಳು ಸೊಪ್ಪು ಮೇಯುವ ಸರಸರ, ಹಂಚಿನ ಮೇಲೆ ತುಂತುರು ಬಿದ್ದಂತೆ.

"ಕೈ ತೋರ್ಸು."

ಅವನು ಬಲಗೈಯನ್ನು ಪರದೆಗೆ ಒತ್ತಿ ಹಿಡಿದ. ಹೆಬ್ಬೆರಳಿನ ಬುಡದಲ್ಲಿ ಕುಡುಗೋಲಿನ ಗಾಯ ಮಾಗಿದ ಗೆರೆ. ನೈಲಾನಿನ ಆ ಬದಿಯಿಂದ ಅವಳ ಬೆರಳು ಬಂದು ಅದರ ಮೇಲೆ ಕೂತಿತು. ಉದಯನ ಎದೆಯೊಳಗೆ ಒಂದು ರೈಲು ನಿಜವಾಗಿಯೂ ರಿವರ್ಸ್ ಬಂತು.

"ಅಜ್ಜೀ, ನಮ್ಮೂರೋನು ಪರದೇಶದಲ್ಲಿ ಕಾಲು ತೊಳ್ಕೊಂಡು ಹುಳುಮನೆಗೆ ಹೋದನಂತೆ ಕಣೇ!" ಅವಳ ದನಿಯಲ್ಲಿ ಇಡೀ ಚಿಂತಾಮಣಿ ತಾಲ್ಲೂಕಿನ ಜಂಬವಿತ್ತು. "ಇದಕ್ಕಿಂತ ನಿನ್ನ ರೈಲು ದೊಡ್ಡದೇನೋ? ಕೇಳೋದಿದ್ರೆ ಈಗ ಕೇಳು."

"ಮದುವೆ ಆಗ್ತೀಯಾ?"

ಅವಳು ಪರದೆ ಸರಿಸಿ, ಬ್ಲೀಚಿಂಗ್ ನೀರಿನ ಬೇಸಿನ್ನನ್ನು ಅವನ ಪಾದದ ಬಳಿ ನೂಕಿದಳು. "ತೊಳ್ಕೊಂಡು ಒಳಗೆ ಬಾ. ಸೊಪ್ಪು ಹಾಕೋಕೆ ಜೊತೆ ಬೇಕು." ಈಗ ಅವಳ ಮುಖಕ್ಕೆ ಚೌಕಗಳಿರಲಿಲ್ಲ. "ಪರವಾಗಿಲ್ಲ ಬಿಡು, ಒಂದು ಕಾರಾದ್ರೂ ನಿನ್ನ ಹೆಬ್ಬೆರಳಿಗೆ ನಿಲ್ತಲ್ಲ."

ನೀರಿಗೆ ಕಾಲಿಟ್ಟ ಉದಯಕುಮಾರ ತಲೆ ಕೆರೆದುಕೊಂಡ.

"ಅದು ಪಂಕ್ಚರ್ ಆಗಿ ನಿಂತಿತ್ತು ಕಣೇ. ಸ್ಟೆಪ್ನಿ ಹಾಕಿಕೊಟ್ಟೆ."