ಫಕ್ಕೀರವ್ವನ ಕೆನ್ನೆ

ಅಂದು ಬೆಳಗ್ಗೆ ಮೆಣಸಿನಕಾಯಿ ಮಾರುಕಟ್ಟೆಯ ಅಂಗಳದಲ್ಲಿ ನೂರಾರು ಹೆಂಗಸರು ಸಾಲಾಗಿ ನಿಂತು ಮುಖಕ್ಕೆ ಶಾಂತಪೊರೆಯೆಂಬ ಹೊಸ ಲೇಪ ಬಳಿಸಿಕೊಳ್ಳುತ್ತಿದ್ದರು. ನೋಡಲು ಅದು ತಿಳಿ ಗಂಜಿಯಂತಿತ್ತು. ಬಳಿದ ಎರಡೇ ನಿಮಿಷಕ್ಕೆ ಚರ್ಮದೊಳಗೆ ಇಂಗಿ ಕಾಣದಾಗುತ್ತಿತ್ತು. ಒಮ್ಮೆ ಬಳಿದರೆ ಮುಗಿಯಿತು. ಅದರೊಳಗಿನ ಜೀವಾಣುಗಳು ಮುಖದ ಬೆವರನ್ನೂ ಜಿಡ್ಡನ್ನೂ ಉಂಡು ಅಲ್ಲೇ ಸಂಸಾರ ಹೂಡುತ್ತಿದ್ದವು.

ಸಾಲಿನಲ್ಲಿ ಏಳನೆಯವಳು ಫಕ್ಕೀರವ್ವ. ಹನ್ನೆರಡನೇ ವಯಸ್ಸಿನಿಂದ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ಬಂದವಳಿಗೆ ಈಗ ಮೂವತ್ತೆಂಟು. ಜಗತ್ತಿನ ಎಲ್ಲ ಕೆಲಸಕ್ಕೂ ಯಂತ್ರ ಬಂದಿದ್ದ ಕಾಲವದು. ಆದರೆ ಈ ಸೀಮೆಯ ಸುಕ್ಕುಗಟ್ಟಿದ ಕಾಯಿ ಯಂತ್ರಕ್ಕೆ ಸಿಕ್ಕರೆ ಹರಿದು ಬೀಜ ಚೆಲ್ಲುತ್ತಿತ್ತು. ಹಾಗಾಗಿ ಹೆಂಗಸರ ಬೆರಳುಗಳಿಗೆ ಇನ್ನೂ ಬೆಲೆಯಿತ್ತು, ಅವರ ಮುಖಗಳಿಗೆ ಇರಲಿಲ್ಲ.

ಮಿಕ್ಕವರ ಮುಖ ಕೆಲಸ ಬಿಟ್ಟ ಮೇಲೆ ಒಂದು ತಾಸು ಉರಿದು ತಣ್ಣಗಾಗುತ್ತಿತ್ತು. ಫಕ್ಕೀರವ್ವನದು ಮಾತ್ರ ಮರುದಿನ ಕೆಲಸಕ್ಕೆ ಬರುವ ತನಕ ಉರಿಯುತ್ತಿತ್ತು. ಅವಳ ಚರ್ಮವೇ ಅಷ್ಟು ಸೂಕ್ಷ್ಮ. ಬಿಸಿ ಚಹಾ ಕುಡಿದರೂ ಕೆಂಪೇರುತ್ತಿತ್ತು. ಕೆಂಪು ಚಟ್ನಿ ತಿಂದರಂತೂ ಕೇಳುವುದೇ ಬೇಡ. ಮೆಣಸಿನಕಾಯಿ ರಾಶಿಯ ನಡುವೆ ಕೂತು ಅವಳು ಉಣ್ಣುತ್ತಿದ್ದದ್ದು ನುಚ್ಚು ಮಜ್ಜಿಗೆ. ಮಜ್ಜಿಗೆ, ತುಪ್ಪ, ಲೋಳೆಸರ ಎಲ್ಲ ಹಚ್ಚಿ ನೋಡಿದ್ದಳು. ಯಾರೋ ಹೇಳಿದರೆಂದು ಲಿಂಬೆರಸ ಹಚ್ಚಿಕೊಂಡು ಬಿಸಿಲಲ್ಲಿ ಕೂತದ್ದೇ ತಪ್ಪಾಯಿತು. ಬೊಬ್ಬೆ ಎದ್ದು, ಎಡಗೆನ್ನೆಯ ಮೇಲೆ ಕಪ್ಪು ಕಲೆ ಕಾಯಮ್ಮಾಗಿ ಉಳಿಯಿತು.

ಪೊರೆ ಬಳಿಯುತ್ತಿದ್ದವರು ಅದನ್ನು ಕಂಡುಹಿಡಿದ ಡಾ. ಶಾಮಲಾ ಕಟಗೇರಿಯವರೇ. ಆ ಕಲೆಯನ್ನು ಕಂಡು ಅವರು ತಲೆಯಾಡಿಸಿದರು.

"ಗಿಡದ್ದು, ಹಣ್ಣಿಂದು ಅಂದ ಕೂಡ್ಲೆ ನಿರಪಾಯ ಅಂತ ತಿಳೀಬಾರದ್ರಿ ಫಕ್ಕೀರವ್ವ. ಲಿಂಬಿರಸಕ್ಕ ಬಿಸಿಲು ಕೂಡಿದ್ರ ಚರ್ಮ ಸುಡತದ."

"ಮಜ್ಜಿಗಿ ಅಷ್ಟ ಏನೂ ಮಾಡಲಿಲ್ರಿ ಬಾಯಾರ. ಹಚ್ಚಿದಷ್ಟು ಹೊತ್ತು ತಂಪಿರತಿತ್ತು."

"ಇದೂ ಮಜ್ಜಿಗೀನ. ಮಜ್ಜಿಗಿಯೊಳಗಿನ ಜೀವಾಣುನ್ನ ತಗೊಂಡು ಅದಕ್ಕೊಂದು ಹೊಸ ಕೆಲಸ ಕಲಿಸೇನಿ. ಖಾರ ಅಂದ್ರ ಖರೇನ ಬೆಂಕಿ ಅಲ್ಲ. ಚರ್ಮದಾಗ ಬಿಸಿ ಗುರುತಿಸೋ ನರ ಇರತಾವ. ಮೆಣಸಿನಕಾಯಿ ಹೋಗಿ ಅದೇ ನರದ ಬಾಗಿಲಾ ಬಡೀತದ, ಮನಸ್ಸು ಬೆಂಕಿ ಬಂತು ಅಂತ ಅಂಜತದ. ಈ ಪೊರೆ ಆ ನರಾನ ಮಲಗಿಸತದ."

ಡಾಕ್ಟರರ ಕೈಯಲ್ಲಿ ಇಪ್ಪತ್ತೊಂದು ಪ್ರಶ್ನೆಗಳ ಪಟ್ಟಿಯಿತ್ತು. ಎಲ್ಲಿ ಉರಿ, ಎಷ್ಟು ಹೊತ್ತು ಉರಿ, ಏನು ತಿಂದರೆ ಹೆಚ್ಚು, ಏನು ಹಚ್ಚಿದರೆ ಕಡಿಮೆ. ಫಕ್ಕೀರವ್ವ ಎಲ್ಲಕ್ಕೂ ಉತ್ತರ ಹೇಳಿದಳು. ಕೇಳದಿದ್ದ ಒಂದು ಸಂಗತಿ ಅವಳಿಗೂ ಹೊಳೆಯಲಿಲ್ಲ.

ಅದೇನೆಂದರೆ, ತೊಟ್ಟು ಬಿಡಿಸುವ ಕೈಗೆ ಸದಾ ಉರಿ ಇರುತ್ತದೆ. ಆ ಕೈಯಿಂದ ಹಣೆ ಮುಟ್ಟಿದರೆ ಎಲ್ಲ ಕೂಸುಗಳಿಗೂ ಜ್ವರವೆಂದೇ ತೋರುತ್ತದೆ. ಆದ್ದರಿಂದ ಅವರ ಓಣಿಯಲ್ಲಿ ಕೂಸಿನ ಹಣೆಗೆ ಕೆನ್ನೆ ಒತ್ತಿ ಜ್ವರ ನೋಡುವುದು ರೂಢಿ. ಎಲ್ಲರ ಕೆನ್ನೆಗಿಂತ ಫಕ್ಕೀರವ್ವನ ಕೆನ್ನೆಯ ಮೇಲೆ ಓಣಿಗೆ ಭರವಸೆ ಹೆಚ್ಚು. ಸದಾ ಉರಿಯುತ್ತಿದ್ದರೂ ಹಣೆಯ ಬಿಸಿ ಎಳ್ಳಷ್ಟು ಏರಿದರೂ ಅದಕ್ಕೆ ತಿಳಿಯುತ್ತಿತ್ತು. ಮಕ್ಕಳಿಲ್ಲದ ಅವಳ ಮನೆಗೆ ಊರ ಮಕ್ಕಳೆಲ್ಲ ಹಾಗೆ ಬರುತ್ತಿದ್ದರು. ಅವಳು ಕಣ್ಣು ಮುಚ್ಚಿ ಬಲಗೆನ್ನೆ ಒತ್ತಿ, "ಬರಾಕತ್ತೈತಿ, ಸಂಜಿಗೆ ಏರತೈತಿ" ಅಂದರೆ ಸಂಜೆಗೆ ಏರುತ್ತಿತ್ತು. ಅವಳಿಗೂ ಅದೊಂದು ಹೆಮ್ಮೆ, ಬದುಕಿನಲ್ಲಿ ಇದ್ದ ಒಂದೇ ಹೆಮ್ಮೆ.

ಪೊರೆ ಹಚ್ಚಿದ ದಿನ ಫಕ್ಕೀರವ್ವ ಮನೆಗೆ ಹೋಗಿ ರೊಟ್ಟಿಗೆ ಕೆಂಪು ಚಟ್ನಿ ಹಚ್ಚಿಕೊಂಡು ತಿಂದಳು. ನಾಲಿಗೆ ಚುರುಗುಟ್ಟಿತು, ಮುಖ ಸುಮ್ಮನಿತ್ತು. ಇಪ್ಪತ್ತಾರು ವರ್ಷಗಳ ಮೇಲೆ ಸಿಕ್ಕ ಆ ಸುಖಕ್ಕೆ ಅವಳು ತಟ್ಟೆಯ ಮುಂದೆ ಕೂತು ಅತ್ತಳು.

ಮೂರು ತಿಂಗಳು ಕಳೆದವು. ಅಷ್ಟರಲ್ಲಿ ಓಣಿಯವರು ನಾಲ್ಕು ಕೂಸುಗಳನ್ನು ತಂದು ತೋರಿಸಿದರು. ನಾಲ್ಕಕ್ಕೂ ಅವಳು "ತಂಪೈತಿ" ಅಂದಳು. ಪುಣ್ಯಕ್ಕೆ ನಾಲ್ಕೂ ತಾವಾಗಿಯೇ ಗುಣವಾದವು, ಅವಳ ಕೆನ್ನೆಯ ಹೆಸರು ಇನ್ನಷ್ಟು ಏರಿತು.

ಐದನೆಯದು ಎದುರು ಮನೆಯ ಹುಸೇನಬಿಯ ಮಗಳು, ಎರಡು ವರ್ಷದ ರೇಷ್ಮಾ. ಹುಸೇನಬಿಯೂ ಅದೇ ಅಂಗಳದಲ್ಲಿ ತೊಟ್ಟು ಬಿಡಿಸುವವಳು, ಅವಳ ಮುಖಕ್ಕೂ ಪೊರೆ ಇತ್ತು. ಮನೆಯ ಜ್ವರಮಾಪಕದ ಸೆಲ್ ತೀರಿ ಎಷ್ಟೋ ದಿನವಾಗಿದ್ದರೂ ಹೊಸದು ಹಾಕುವ ಯೋಚನೆ ಅವಳಿಗೆ ಬಂದಿರಲಿಲ್ಲ. ಎದುರಿಗೇ ಫಕ್ಕೀರವ್ವಕ್ಕ ಇದ್ದಳಲ್ಲ.

"ಯಕ್ಕಾ, ಮುಂಜಾನಿಂದ ಹಾಲು ಮುಟ್ಟಿಲ್ಲ, ಬರೇ ಕೊರಗತೈತಿ. ನಾ ಕೆನ್ನಿ ಹಚ್ಚಿ ನೋಡಿದೆ, ನನಗೇನೂ ತಿಳೀವಲ್ದು. ದವಾಖಾನಿಗೆ ಹೋಗಲೋ, ಕೆಲಸಕ್ಕ ಹೋಗಲೋ?"

ಫಕ್ಕೀರವ್ವ ಕಣ್ಣು ಮುಚ್ಚಿ ಕೆನ್ನೆ ಒತ್ತಿದಳು. ಎಷ್ಟು ಹೊತ್ತು ಒತ್ತಿದರೂ ಏನೂ ತಾಕಲಿಲ್ಲ.

"ತಂಪೈತಿ," ಅಂದಳು. "ಹಲ್ಲು ಬರೂ ಸಂಕಟ ಇರಬೇಕು. ಕೆಲಸಕ್ಕ ಹೋಗು."

ಮಧ್ಯಾಹ್ನ ಎರಡಕ್ಕೆ ಕೂಸು ಸೆಟೆದುಕೊಂಡಿತು. ದವಾಖಾನೆಯಲ್ಲಿ ಅದನ್ನು ಮೆದುಳುಜ್ವರವೆಂದರು, ಬೆಳಗ್ಗೆಯೇ ತಂದಿದ್ದರೆ ಎಂದರು. ಜೀವ ಉಳಿಯಿತು, ಎರಡೂ ಕಿವಿ ಹೋದವು. ಕಿವಿಯ ನರವೇ ಸತ್ತಿದ್ದರಿಂದ ಯಂತ್ರ ಕೂಡಿಸಿದರೂ ಉಪಯೋಗವಿಲ್ಲ ಎಂದರು. ಹುಸೇನಬಿ ಬೈಯಲಿಲ್ಲ, ಜಗಳ ತೆಗೆಯಲಿಲ್ಲ, ಮಾತು ಬಿಟ್ಟಳು. ಬೈದಿದ್ದರೆ ಫಕ್ಕೀರವ್ವ ಬದುಕಿಕೊಳ್ಳುತ್ತಿದ್ದಳು.

ವಾರದ ಮೇಲೆ ಅವಳು ಡಾಕ್ಟರ್ ಕಟಗೇರಿಯವರ ಪ್ರಯೋಗಾಲಯಕ್ಕೆ ಹೋಗಿ ನಡೆದದ್ದನ್ನೆಲ್ಲ ಹೇಳಿದಳು. ಡಾಕ್ಟರರು ತಮ್ಮ ಹಳೆಯ ಪಟ್ಟಿಯನ್ನು ತೆಗೆದು ಮೊದಲಿನಿಂದ ಓದಿದರು. ಖಾರಕ್ಕೂ ಬಿಸಿಗೂ ನರದ ಒಂದೇ ಬಾಗಿಲು ಎಂದು ಹೇಳಿದವರು ಅವರೇ. ಆ ಬಾಗಿಲಿಗೆ ಖಾರವೊಂದೇ ಅಲ್ಲ, ಕೂಸಿನ ಹಣೆಯೂ ಬರುತ್ತದೆ ಎಂದು ಅವರಿಗೆ ತೋಚಿರಲಿಲ್ಲ.

"ನನ್ನ ಪಟ್ಟಿಯೊಳಗ ಇಪ್ಪತ್ತೊಂದು ಪ್ರಶ್ನೆ ಇದ್ವು," ಅಂದರು ಕೊನೆಗೆ. "ನಿಮ್ಮ ಚರ್ಮದಿಂದ ನಿಮಗೇನು ತ್ರಾಸ ಅಂತ ಎಲ್ಲಾ ಕೇಳಿದೆ. ಅದರಿಂದ ಏನು ಉಪಯೋಗ ಅಂತ ಒಂದೂ ಕೇಳಲಿಲ್ಲ."

"ಕೇಳಿದ್ರೂ ನಾ ಏನ ಹೇಳತಿದ್ದೆರಿ ಬಾಯಾರ. ಉರಿಯೂದೂ ಅದ, ತಿಳಿಯೂದೂ ಅದ ಅಂತ ನನಗರ ಎಲ್ಲಿ ಗೊತ್ತಿತ್ತು. ಇದನ್ನ ತಗೀರಿ."

"ತೆಗೀಬಹುದು. ಆದ್ರ ಮಲಗಿದ ನರದ ತುದಿ ಒಣಗಿರತಾವ. ಉರಿ ಮೊದಲಿನಕಿಂತ ಹೆಚ್ಚಾಗಿ ತಿರುಗಿ ಬರತದ. ಬಿಸಿ, ತಂಪು ತಿಳಿಯೂದು ಬರತದೋ ಇಲ್ಲೋ, ನಾ ಮಾತು ಕೊಡಲಾರೆ."

"ಉರಿಯರ ಬರಲಿ," ಅಂದಳು ಫಕ್ಕೀರವ್ವ.

ಉರಿ ಬಂತು. ಬೇರೆ ಯಾವುದೂ ಬರಲಿಲ್ಲ. ಅಂಗಳದ ಉಳಿದ ಹೆಂಗಸರು ಪೊರೆ ತೆಗೆಸಲಿಲ್ಲ, ಮನೆ ಮನೆಯ ಜ್ವರಮಾಪಕಕ್ಕೆ ಹೊಸ ಸೆಲ್ ಹಾಕಿಸಿದರು. ಫಕ್ಕೀರವ್ವ ಕೆಂಡದಂಥ ಮುಖ ಹೊತ್ತು ರಾಶಿಯ ಮುಂದೆ ಕೂರುತ್ತಿದ್ದಳು. ಯಾರೂ ಅವಳ ಬಳಿ ಕೂಸು ತರಲಿಲ್ಲ. ತಂದಿದ್ದರೂ ಅವಳು ಮುಟ್ಟುತ್ತಿರಲಿಲ್ಲ.

ಹೀಗೆ ಎಂಟು ತಿಂಗಳಾದ ಮೇಲೆ, ಒಂದು ಸಂಜೆ ಅವಳು ಕೆಲಸದಿಂದ ಬಂದು ಕಟ್ಟೆಯ ಮೇಲೆ ಗೋಡೆಗೊರಗಿ ಕೂತಿದ್ದಳು. ಎದುರು ಮನೆಯ ರೇಷ್ಮಾ ತಾಯಿಯ ಕಣ್ಣು ತಪ್ಪಿಸಿ ಓಣಿ ದಾಟಿ ಬಂದಿತು. ಕೆಂಪಾದ ಮುಖವನ್ನು ಸ್ವಲ್ಪ ಹೊತ್ತು ನೋಡಿ ಅದು ತನ್ನ ಅಂಗೈಯನ್ನು ಅವಳ ಕೆನ್ನೆಗೆ ಇಟ್ಟಿತು. ಮೆಣಸಿನಕಾಯಿ ಮುಟ್ಟದ ಅಂಗೈ. ಇಟ್ಟದ್ದೇ ಕೈ ಹಿಂತೆಗೆದು, ಮತ್ತೆ ಹಣೆ ಮುಟ್ಟಿ ನೋಡಿತು. ಆಮೇಲೆ ಓಡಿಹೋಗಿ ತಾಯಿಯ ಸೆರಗು ಹಿಡಿದು ಎಳೆಯತೊಡಗಿತು. ತನ್ನ ಹಣೆಯನ್ನೂ ಮುಟ್ಟಿಕೊಂಡು, ಫಕ್ಕೀರವ್ವನ ಕಡೆಗೂ ಕೈ ತೋರಿಸಿತು.

ಹುಸೇನಬಿಗೆ ಮಗಳ ಮಾತು ತಿಳಿಯಿತು. ಆ ಹೆಂಗಸಿಗೆ ಜ್ವರ ಬಂದಿದೆ ಎನ್ನುತ್ತಿತ್ತು ಕೂಸು.

ಅವಳು ಬಾಗಿಲಲ್ಲೇ ನಿಂತಳು. ಮಗಳು ಬಿಡಲಿಲ್ಲ. ಕೊನೆಗೆ ಒಳಗೆ ಹೋಗಿ ಒಂದು ಬಟ್ಟಲು ಮಜ್ಜಿಗೆ, ಒಂದು ಹಳೆಯ ಮೆತ್ತನೆಯ ಅರಿವೆ ತಂದು, ಓಣಿ ದಾಟಿ ಬಂದು ಫಕ್ಕೀರವ್ವನ ಪಕ್ಕ ಕೂತಳು. ಅರಿವೆಯನ್ನು ಮಜ್ಜಿಗೆಯಲ್ಲಿ ಅದ್ದಿ ಹಿಂಡಿ ಅವಳ ಕೆನ್ನೆಗೆ ಒತ್ತಿದಳು. ಕೂಸು ಇಬ್ಬರ ಮುಖವನ್ನೂ ನೋಡುತ್ತ ನಿಂತಿತ್ತು.

"ತಂಪಾತೇನು?" ಅಂದಳು ಹುಸೇನಬಿ. ಎಂಟು ತಿಂಗಳಲ್ಲಿ ಅವಳು ಫಕ್ಕೀರವ್ವನೊಡನೆ ಆಡಿದ ಮೊದಲ ಮಾತು ಅದು.

ಅರಿವೆ ತಣ್ಣಗಿದೆಯೋ ಬೆಚ್ಚಗಿದೆಯೋ ಫಕ್ಕೀರವ್ವನಿಗೆ ತಿಳಿಯಲಿಲ್ಲ. ಅವಳು ಮೊದಲು ಕೂಸುಗಳ ಜ್ವರ ನೋಡುವಾಗ ಮುಚ್ಚುತ್ತಿದ್ದ ಹಾಗೆಯೇ ಕಣ್ಣು ಮುಚ್ಚಿದಳು.

"ತಂಪಾತು ನಮ್ಮವ್ವ," ಅಂದಳು.